ಗೇಣುದ್ದದ ಪೈಪು

ಗೇಜಿನ ಮುಳ್ಳು ಹದಿನೈದರ ಗೆರೆಯ ಮೇಲಿತ್ತು. ಸರ್ವೇಯರಮ್ಮ ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಹದಿಮೂರಕ್ಕೆ ಬಂದಿತ್ತು.

“ಇಳೀತಿದೆ,” ಅಂದರು.

“ಇಳಿಯುತ್ತೆ ಅಮ್ಮಾ. ತೂತಿದ್ರೆ ಇಳಿಯಲೇಬೇಕಲ್ಲ,” ಅಂದರು ಗ್ಯಾರೇಜಿನ ಮೇಸ್ತ್ರಿ. ಮತ್ತೆ ಹಸಿರು ಕೂಲೆಂಟ್ ನೀರು ತುಂಬಿದ ರೇಡಿಯೇಟರಿನ ಬಾಯಿಗೆ ಬಿಗಿದ ಕೈಪಂಪನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಒಂದೂ ಮುಕ್ಕಾಲು.

ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್, ಕಾರು ಎಳೆದೊಯ್ಯುವ ಗಾಡಿಯೊಂದಿಗೆ, ಬರುವವರಿದ್ದರು.

ಹಲ್ಲಿನ ಡಾಕ್ಟರು ಕಾಣೆಯಾಗಿ ಅಂದಿಗೆ ನಾಲ್ಕನೆಯ ದಿನ. ಅವರ ಇಪ್ಪತ್ತಾರು ವರ್ಷದ ಹಳೆಯ ಕಾರು ಸೋಮವಾರ ಬೆಳಿಗ್ಗೆ ಗುಡ್ಡದ ರಸ್ತೆಯ ತಿರುವಿನಲ್ಲಿ ಸಿಕ್ಕಿತ್ತು. ನೀರೆಲ್ಲ ಸೋರಿ ಎಂಜಿನ್ ಕುದಿದುಹೋಗಿತ್ತು. ಬಾನೆಟ್ ತೆರೆದೇ ಇತ್ತು, ಸುತ್ತ ಯಾರೂ ಇರಲಿಲ್ಲ. ಕಾರು ಎಳೆದು ತಂದವನು ಹತ್ತಿರದ ಗ್ಯಾರೇಜೆಂದು ಇಲ್ಲಿಗೇ ತಂದುಬಿಟ್ಟ. ಪೊಲೀಸರು ಬಾನೆಟ್ಟಿಗೆ ಮುದ್ರೆ ಹಾಕಿ ಹೋದರು.

ಕಾರು ಯಾಕೆ ಕೆಟ್ಟಿತೆಂದು ಬರೆದುಕೊಡಲು ವಿಮಾ ಕಂಪನಿಯವರು ಸರ್ವೇಯರಮ್ಮನನ್ನು ಕಳಿಸಿದ್ದರು. ಬೆಳಿಗ್ಗೆ ಮುದ್ರೆ ಬಿಚ್ಚುವಾಗ ಇನ್ಸ್‌ಪೆಕ್ಟರ್ ಮುಚ್ಚುಮರೆ ಮಾಡಿರಲಿಲ್ಲ. “ನೀರು ತಾನಾಗೇ ಸೋರಿದ್ರೆ ಅದು ಕಾರಿನ ಹಣೆಬರಹ. ಯಾರಾದ್ರೂ ಸೋರಿಸಿದ್ರೆ, ಮೇಸ್ತ್ರಿಯವರೇ, ಸಂಜೆ ನೀವು ನನ್ನ ಜೊತೆ ಬರ್ತೀರಿ.”

ಮೇಸ್ತ್ರಿಯ ಮೇಲೆ ಅನುಮಾನ ಹುಟ್ಟಿಸಿದ್ದು ಒಂದು ಹಲ್ಲು. ಎರಡು ತಿಂಗಳ ಹಿಂದೆ ಡಾಕ್ಟರು ನೋಯುತ್ತಿದ್ದ ಹಲ್ಲನ್ನು ಬಿಟ್ಟು ಅದರ ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಿದ್ದರು. ಮೇಸ್ತ್ರಿ ದವಡೆ ಹಿಡಿದುಕೊಂಡು ಹೊರಗೆ ಬಂದು, ಬೆಂಚಿನ ಮೇಲೆ ಕಾದಿದ್ದ ಎಂಟು ಜನರ ಮುಂದೆ ಹೇಳಿದ್ದರು: “ಇವರ ಕಾರನ್ನ ನಡುದಾರೀಲಿ ನಿಲ್ಲಿಸದಿದ್ರೆ ನಾನು ಮೇಸ್ತ್ರಿನೇ ಅಲ್ಲ.”

ಕಾರು ನಡುದಾರಿಯಲ್ಲೇ ನಿಂತಿತು. ಎಂಟು ಜನರಿಗೂ ಆ ಮಾತು ಅಕ್ಷರ ಬಿಡದಂತೆ ನೆನಪಿತ್ತು.

“ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ,” ಅಂದರು ಮೇಸ್ತ್ರಿ. “ನನ್ನ ಪಾಲಿಗೆ ಎರಡೂ ಒಟ್ಟಿಗೇ ಬಂದಿವೆ ನೋಡಿ.”

“ಅಪ್ಪ, ನೀನು ಸುಮ್ಮನಿರು,” ಅಂದಳು ಮಗಳು.

ಮೂವತ್ತರ ಆಸುಪಾಸಿನ ಆ ಮಗಳು ತಂದೆಯ ಹಳೆಯ ಅಂಗಿ ತೊಟ್ಟು, ತೋಳು ಮಡಚದೆ, ಬೆಳಗಿನಿಂದ ಕೈಗೆ ಬೇಕಾದ್ದನ್ನು ಕೇಳುವ ಮೊದಲೇ ಎತ್ತಿಕೊಡುತ್ತಿದ್ದಳು. ಟಾರ್ಚ್ ಕೊಡುವಾಗ ಗಾಜು ಒರೆಸಿ ಕೊಟ್ಟಳು. ಸ್ಪ್ಯಾನರನ್ನು ಹಿಡಿಕೆಯ ಕಡೆಯಿಂದಲೇ ಕೊಟ್ಟಳು. ಆದರೆ ಗೇಜಿನ ಮುಳ್ಳು ಇಳಿದಂತೆಲ್ಲ ಅವಳ ಮುಖದ ಬಣ್ಣವೂ ಇಳಿಯುತ್ತಿತ್ತು.

ಮುಳ್ಳು ಒಂಬತ್ತಕ್ಕೆ ಬಂತು. ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ.

ಸರ್ವೇಯರಮ್ಮ ಹಳೆಯ ಬಿಳಿ ಬಟ್ಟೆಯ ತುಂಡಿನಿಂದ ಒಂದೊಂದೇ ಜೋಡಣೆಯನ್ನು ಒರೆಸಿ ನೋಡಿದರು. ರೇಡಿಯೇಟರ್ ಒಣಗಿತ್ತು. ಮೇಲಿನ ಪೈಪು, ಕೆಳಗಿನ ಪೈಪು, ನೀರಿನ ಪಂಪು ಎಲ್ಲ ಒಣ ಒಣ. ಬಟ್ಟೆಗೆ ಎಣ್ಣೆ ಹತ್ತಿತೇ ಹೊರತು ನೀರು ಹತ್ತಲಿಲ್ಲ.

ಕಡೆಗೆ ಅವರು ಚೀಲದಿಂದ ಉದ್ದ ಕಡ್ಡಿಯ ಕನ್ನಡಿ ತೆಗೆದು ಎಂಜಿನ್ನಿನ ಹಿಂದಕ್ಕೆ ಇಳಿಬಿಟ್ಟರು. ಮಗಳು ಹೇಳಿಸಿಕೊಳ್ಳದೆ ಟಾರ್ಚಿನ ಬೆಳಕನ್ನು ಕನ್ನಡಿಗೆ ಹಿಡಿದಳು.

ಎಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ, ಗಾಳಿ ಕೊಳವೆಗಳ ಗೊಂಚಲಾದ ಮ್ಯಾನಿಫೋಲ್ಡಿನ ಅಡಿಯ ಕತ್ತಲಲ್ಲಿ, ಒಂದು ಹಸಿರು ಹನಿ ಕಟ್ಟಿಕೊಳ್ಳುತ್ತಿತ್ತು. ಅದು ದಪ್ಪವಾಗಿ, ಜೋತು, ಕೆಳಗಿದ್ದ ಗೇರ್‌ಬಾಕ್ಸಿನ ಬೆನ್ನಿನ ಗುಳಿಯೊಳಗೆ ಬಿತ್ತು. ಅಲ್ಲಿ ಆಗಲೇ ಒಂದು ಪುಟ್ಟ ಹೊಂಡ ನಿಂತಿತ್ತು.

“ಸಿಕ್ತು,” ಅಂದರು ಸರ್ವೇಯರಮ್ಮ.

ಯಾರೂ ಖುಷಿಪಡಲಿಲ್ಲ.

“ಹೀಟರಿಗೆ ಹೋಗೋ ಪೈಪು,” ಅಂದರು ಮೇಸ್ತ್ರಿ. “ಗೇಣುದ್ದ ಇದೆ, ಅಷ್ಟೇ. ಈ ಕಾರು ಮಾಡಿದವನು ಮೊದಲು ಆ ಪೈಪು ನೇತುಹಾಕಿ, ಆಮೇಲೆ ಅದರ ಸುತ್ತ ಎಂಜಿನ್ ಕಟ್ಟಿದಾನೆ. ಅವನು ಒಂದು ದಿನ ನನ್ನ ಕೈಗೆ ಸಿಗಬೇಕು.”

“ನೀವು ಇದನ್ನ ಬಿಚ್ಚಿದ್ದು ಯಾವಾಗ?”

“ಐದು ವರ್ಷ ಆಯ್ತು. ಪೊಲೀಸರಿಗೂ ಹಾಗೇ ಬರೆದುಕೊಟ್ಟಿದೀನಿ. ಮೇಲಿಂದ ಒಂದೊಂದೇ ಇಳಿಸಿ, ಮ್ಯಾನಿಫೋಲ್ಡ್ ಎತ್ತಿ, ಬೆಳಿಗ್ಗೆ ಎಂಟಕ್ಕೆ ಕೈ ಹಚ್ಚಿದ್ದು ದೀಪ ಹಾಕೋ ಹೊತ್ತಿಗೆ ಮುಗೀತು.”

“ನಮಗಿರೋದು ಎರಡು ಗಂಟೆ. ಕೆಳಗಿಂದ ದಾರಿ ಇಲ್ವಾ?”

ಮೇಸ್ತ್ರಿ ಕೈಪಂಪನ್ನು ಕೆಳಗಿಟ್ಟರು.

“ಇದೆ. ಸ್ಟಾರ್ಟರ್ ಮೋಟರ್ ಪಕ್ಕ ಒಂದು ಸಂದು. ನನ್ನ ಕೈ ಮೊಣಕೈಗೇ ಸಿಕ್ಕಿಹಾಕ್ಕೊಳ್ಳುತ್ತೆ.” ಒನಕೆಯಂಥ ತಮ್ಮ ತೋಳನ್ನು ತಾವೇ ಬೇಸರದಿಂದ ನೋಡಿಕೊಂಡರು. “ಸಪೂರ ಕೈ ಆದ್ರೆ ಹೋಗಬಹುದು.”

ಹಾಗೆನ್ನುವಾಗ ಅವರು ಮಗಳ ಕಡೆ ನೋಡಲಿಲ್ಲ. ಮಗಳು ಬೆನ್ನು ತಿರುಗಿಸಿಕೊಂಡು ನಟ್ಟು ಬೋಲ್ಟುಗಳ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದಳು. ಸರ್ವೇಯರಮ್ಮ ಎರಡನ್ನೂ ನೋಡಿದರು. ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದರು.

“ನನ್ನದು ಕಡ್ಡಿ ಕೈ ಅಂತ ನಮ್ಮತ್ತೆ ಇದ್ದಷ್ಟು ದಿನ ಆಡ್ಕೊಂಡ್ರು. ಇವತ್ತಾದ್ರೂ ಒಂದು ಕೆಲಸಕ್ಕೆ ಬರಲಿ.”

ಕಾರನ್ನು ಮೂವರೂ ಸೇರಿ ತಳ್ಳಿ ಗುಂಡಿಯ ಮೇಲೆ ನಿಲ್ಲಿಸಿದರು. ಗ್ಯಾರೇಜಿನ ನೆಲದಲ್ಲಿ ಆಳುದ್ದ ತೋಡಿದ ಗುಂಡಿ ಅದು. ಕೆಳಗೆ ನಿಂತು ಕಾರಿನ ಹೊಟ್ಟೆಯ ಕೆಲಸ ಮಾಡಬಹುದು. ಮೇಸ್ತ್ರಿ ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಇಳಿಸಿದರು. ಗುಂಡಿಯ ತಳಕ್ಕೆ ಒಗೆದ ಗೋಣಿಚೀಲ ಹಾಸಿದರು. ಕಬ್ಬಿಣದ ಮೆಟ್ಟಿಲಲ್ಲಿ ಸರ್ವೇಯರಮ್ಮ ಇಳಿಯುವಾಗ ಅವರ ಮೊಣಕೈ ಹಿಡಿದುಕೊಂಡರು.

“ಒಳಗೆ ತಗಡಿನ ಅಂಚು ಹರಿತ ಇದೆ ಅಮ್ಮಾ,” ಎಂದು ಅವರ ತೋಳಿಗೆ ಬಟ್ಟೆ ಸುತ್ತಿ ಗಂಟು ಹಾಕಿದರು. ತನಗೇ ಬೇಡಿ ಬೀಳಬಹುದಾದ ಹೊತ್ತಿನಲ್ಲಿ ಇನ್ನೊಬ್ಬರ ಕೈಗೆ ಗೀರು ಬೀಳದಿರಲೆಂದು ಗಂಟು ಹಾಕುತ್ತಿದ್ದ ಆ ಬೆರಳುಗಳನ್ನು ಸರ್ವೇಯರಮ್ಮ ಸುಮ್ಮನೆ ನೋಡಿದರು. ಒಳ್ಳೆಯವರು ತಪ್ಪು ಮಾಡುವುದಿಲ್ಲ ಎಂದು ಮೂವತ್ತು ವರ್ಷದ ಕೆಲಸ ಅವರಿಗೆ ಕಲಿಸಿರಲಿಲ್ಲ.

ಕೈ ಸಂದಿನೊಳಗೆ ಹೋಯಿತು. ಮೊಣಕೈ ದಾಟಿತು. ಇನ್ನು ಕಣ್ಣಿಗೆ ಕೆಲಸವಿಲ್ಲ, ಎಲ್ಲ ಬೆರಳೇ. ಜಿಡ್ಡು ತಂತಿ, ತಣ್ಣನೆ ಕಬ್ಬಿಣ, ಒಂದು ಬೋಲ್ಟಿನ ತಲೆ. ಅದರಾಚೆ ರಬ್ಬರು. ರಬ್ಬರಿನ ತುದಿಯಲ್ಲಿ ಕ್ಲಿಪ್ಪಿನ ಪಟ್ಟಿ.

“ಕ್ಲಿಪ್ಪು ಸಿಕ್ತು,” ಅಂದರು.

“ಅದರ ಸ್ಕ್ರೂ ಮೇಲೆ ಮುಖ ಮಾಡಿರುತ್ತೆ ಅಮ್ಮಾ. ನಾನು ಮೇಲಿಂದ ಹಾಕಿದ್ದಲ್ವಾ. ನಿಮಗೆ ಕೆಳಗಿಂದ ಕಷ್ಟ.”

“ಇಲ್ಲ ಮೇಸ್ತ್ರಿ. ಸ್ಕ್ರೂ ಕೆಳಗೇ ನೋಡ್ತಿದೆ. ನೇರ ನನ್ನ ಬೆರಳಿಗೇ ಬಂತು.”

ಮೇಲೆ ಯಾರೋ ಸ್ಟೂಲಿನ ಮೇಲೆ ಕುಸಿದು ಕುಳಿತ ಸದ್ದು ಕೇಳಿಸಿತು.

ಕತ್ತಲಲ್ಲಿ ಕೈಯಿಟ್ಟುಕೊಂಡೇ ಸರ್ವೇಯರಮ್ಮ ಯೋಚಿಸಿದರು. ಬೆಳಿಗ್ಗೆ ಈ ಗ್ಯಾರೇಜಿನಲ್ಲಿ ನಿಂತಿದ್ದ ಬೇರೆ ಕಾರುಗಳಲ್ಲೂ ಅವರು ಇದನ್ನೇ ಕಂಡಿದ್ದರು. ಪ್ರತಿ ಕ್ಲಿಪ್ಪಿನ ಸ್ಕ್ರೂ ಕೈ ಬರುವ ದಿಕ್ಕಿಗೇ ಮುಖ ಮಾಡಿತ್ತು. ಕೇಳಿದಾಗ ಮೇಸ್ತ್ರಿ ನಾಚಿಕೊಂಡು ಹೇಳಿದ್ದರು: “ನಾಳೆ ಬಿಚ್ಚೋನೂ ಮನುಷ್ಯನೇ ಅಲ್ವಾ ಅಮ್ಮಾ. ಅವನ ಕೈ ಎಲ್ಲಿಂದ ಬರುತ್ತೋ ಸ್ಕ್ರೂ ಅಲ್ಲಿಗೆ ನೋಡ್ತಿರಬೇಕು.” ಬೇರೆ ಕಡೆ ಹಾಗಿರುವುದಿಲ್ಲ. ಅವರವರ ಕೈಗೆ ಹೇಗೆ ಬಂತೋ ಹಾಗೆ ಬಿಗಿದು ಮುಗಿಸುತ್ತಾರೆ.

ಅಂದರೆ ಈ ಪೈಪನ್ನು ಹಾಕಿದ್ದು ಐದು ವರ್ಷದ ಹಿಂದೆ ಅಲ್ಲ, ಮೇಲಿನಿಂದಲೂ ಅಲ್ಲ. ಇದೇ ಗುಂಡಿಯಲ್ಲಿ ನಿಂತು, ಇದೇ ಸಂದಿನಲ್ಲಿ ಕೈ ತೂರಿಸಿ, ಈ ಗ್ಯಾರೇಜಿನ ಪಾಠ ಕಲಿತವರೇ ಹಾಕಿದ್ದಾರೆ.

ಗಿಡ್ಡ ಸ್ಕ್ರೂಡ್ರೈವರಿಗೆ ಸ್ಕ್ರೂ ಸಲೀಸಾಗಿ ತಿರುಗಿತು. ಎರಡೂ ಕ್ಲಿಪ್ಪು ಸಡಿಲವಾದವು. ಪೈಪು ಉಳಿದ ನೀರನ್ನು ಅವರ ತೋಳಿನ ಮೇಲೆ ಸುರಿಸಿಕೊಂಡು ಕೈಗೆ ಬಂತು. ಟಾರ್ಚಿನ ಬೆಳಕಿನಲ್ಲಿ ಒಮ್ಮೆ ಅತ್ತಿತ್ತ ತಿರುಗಿಸಿ ನೋಡಿ, ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವರು ಮೇಲೆ ಹತ್ತಿದರು.

ಎರಡೂ ಮುಕ್ಕಾಲು.

“ಪುಟ್ಟಿ, ಮೇಡಂಗೆ ಟೀ ತಗೊಂಬಾ,” ಅಂದರು ಮೇಸ್ತ್ರಿ.

“ಈಗ ಯಾಕಪ್ಪ...”

“ತಗೊಂಬಾ ಅಂದೆ.”

ಮಗಳು ಹೋದಳು. ಅವಳು ರಸ್ತೆ ದಾಟುವವರೆಗೂ ಮೇಸ್ತ್ರಿ ನೋಡುತ್ತಿದ್ದು, ಆಮೇಲೆ ಸ್ಟೂಲಿನಿಂದ ಎದ್ದು ನಿಂತರು. ಶಾಲೆಯಲ್ಲಿ ಪಾಠ ಒಪ್ಪಿಸುವ ಮಕ್ಕಳ ಹಾಗೆ ಕೈ ಕೆಳಗೆ ಬಿಟ್ಟಿದ್ದರು.

“ನಾನೇ ಮಾಡಿದ್ದು. ಬರ್ಕೊಳ್ಳಿ.”

ಸರ್ವೇಯರಮ್ಮ ಪುಸ್ತಕ ತೆರೆಯಲಿಲ್ಲ. “ಏನು ಮಾಡಿದ್ರಿ?”

“ಪೈಪಿಗೆ ಬ್ಲೇಡ್ ಹಾಕಿದೆ. ಸಿಟ್ಟಿತ್ತು ಹಲ್ಲಿಂದು.”

“ಯಾವಾಗ?”

“ಹೋದ ವಾರ.”

“ಎಲ್ಲಿ ಕುಯ್ದಿದೀರಿ?”

“ಮಧ್ಯದಲ್ಲಿ. ಉದ್ದಕ್ಕೆ.”

“ಮೊಣಕೈಗೇ ಸಿಕ್ಕಿಹಾಕ್ಕೊಳ್ಳುತ್ತೆ ಅಂದ್ರಿ ಕೈ.”

“ಹೇಗೋ ತೂರಿಸಿದೆ.”

“ಹಾಗಾದ್ರೆ ಒಂದು ಸಲ ತೂರಿಸಿ ತೋರಿಸಿ. ಗುಂಡಿ ಇಲ್ಲೇ ಇದೆ.”

ಮೇಸ್ತ್ರಿ ಕದಲಲಿಲ್ಲ.

“ಮೇಸ್ತ್ರಿ, ನೀವು ಸುಳ್ಳು ಹೇಳಿ ಅಭ್ಯಾಸ ಇಲ್ಲದವರು. ಇನ್ಸ್‌ಪೆಕ್ಟರ್ ಮುಂದೆ ಇದು ಎರಡು ನಿಮಿಷ ನಿಲ್ಲಲ್ಲ.”

“ನಿಲ್ಲೋ ಹಾಗೆ ನೀವು ಬರೆದುಕೊಡಿ ಅಮ್ಮಾ. ನಿಮ್ಮ ಮಾತು ಅವರು ಕೇಳ್ತಾರೆ.” ದನಿ ತಗ್ಗಿತ್ತು. “ನಂಗೆ ಅರವತ್ತೆರಡು. ಒಳಗೆ ಹೋದ್ರೂ ಎಷ್ಟು ದಿನ ಇರ್ತೀನಿ. ಅವಳಿಗೆ ಇನ್ನೂ ಎಲ್ಲ ಬಾಕಿ ಇದೆ.”

ಸರ್ವೇಯರಮ್ಮ ಕೆಲಸದ ಮೇಜಿನ ಮೇಲೆ ಬಿಳಿ ಬಟ್ಟೆಯನ್ನು ಬಿಡಿಸಿ ಪೈಪನ್ನು ಅವರ ಮುಂದೆ ತಳ್ಳಿದರು.

ಹೊಸ ಪೈಪು. ಅದರ ಮೇಲಿನ ಬಿಳಿ ಅಕ್ಷರಗಳು ಇನ್ನೂ ಮಾಸಿರಲಿಲ್ಲ. ಅಡಿಭಾಗದಲ್ಲಿ ಸಾಲಾಗಿ ಏಳು ಚುಕ್ಕೆ. ಸಾಸಿವೆ ಕಾಳಿನಷ್ಟು ಚಿಕ್ಕವು, ಒಂದೇ ಅಳತೆಯವು. ಯಾವುದೂ ಪೂರ್ತಿ ಕೊರೆದದ್ದಲ್ಲ, ಅರ್ಧಕ್ಕೇ ನಿಲ್ಲಿಸಿದ್ದು. ಆ ಏಳರಲ್ಲಿ ಎರಡು ಮಾತ್ರ, ಎಂಜಿನ್ ಕಾದು ನೀರು ಒತ್ತಿದ ಮೇಲೆ, ಬಾಯಿ ಬಿಟ್ಟಿದ್ದವು.

ಮೇಸ್ತ್ರಿ ಬಗ್ಗಿ ನೋಡಿದರು. ಹೇಳಬೇಕೆಂದಿದ್ದ ಸುಳ್ಳು ಮರೆತುಹೋಯಿತು. ನಲವತ್ತು ವರ್ಷದ ಕಸುಬು ಮಾತಾಡಿತು.

“ಇದು ಬ್ಲೇಡ್ ಅಲ್ಲ.”

“ಅಲ್ಲ,” ಅಂದರು ಸರ್ವೇಯರಮ್ಮ.

“ನಮ್ಮ ಡ್ರಿಲ್ಲೂ ಅಲ್ಲ. ರಬ್ಬರಿಗೆ ನಮ್ಮ ಡ್ರಿಲ್ ಇಟ್ರೆ ಕಚ್ಚಿ ಹರಿದುಹಾಕುತ್ತೆ. ಇಷ್ಟು ನಯವಾಗಿ ಬರಬೇಕು ಅಂದ್ರೆ ಅದು ಸೂಜಿಯಂಥ ಮುಳ್ಳು, ವಿಪರೀತ ಜೋರಾಗಿ ತಿರುಗಬೇಕು. ಅಂಥದ್ದು ಯಾವ ಗ್ಯಾರೇಜಲ್ಲೂ ಇಲ್ಲ.” ಅವರ ನಾಲಿಗೆ ತಾನಾಗಿ ಹಲ್ಲಿಲ್ಲದ ಜಾಗಕ್ಕೆ ಹೋಯಿತು. ಮುಖ ಕಿವುಚಿದರು. “ಆದ್ರೆ ಅದರ ಸದ್ದು ನನಗೆ ಗೊತ್ತು ಅಮ್ಮಾ. ಇನ್ನೂ ಕಿವೀಲಿದೆ.”

“ಹಲ್ಲು ಕೊರೆಯೋ ಯಂತ್ರ.”

“ಅದೇ.”

ಬಾಗಿಲಲ್ಲಿ ಗಾಜಿನ ಲೋಟಗಳ ಕಿಣಿಕಿಣಿ ಕೇಳಿಸಿತು. ಮಗಳು ಟೀ ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅಪ್ಪ ಮುಟ್ಟಿಲ್ಲ ಮೇಡಂ. ಪೈಪು ಹಾಕಿದ್ದು ನಾನು.”

“ಪುಟ್ಟಿ, ಒಳಗೆ ಹೋಗು.”

“ಎಲ್ಲಿಗೆ ಹೋಗಲಪ್ಪ. ಇದೇ ಒಳಗೆ.” ಅವಳು ಲೋಟಗಳನ್ನು ಮೇಜಿನ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಅಂಗಿಯ ತೋಳು ಮಡಚಿ, ತಗಡು ಗೀರಿದ ಗುರುತುಗಳನ್ನು ತೋರಿಸಿದಳು.

“ಭಾನುವಾರ ಅಪ್ಪ ದೊಡ್ಡಪ್ಪನ ಮನೆಗೆ ಹೋಗಿದ್ರು. ಡಾಕ್ಟರು ಕಾರು ತಂದ್ರು. ಪೈಪು ಹಳೇದಾಗಿದೆ, ಹೊಸದು ನಾನೇ ತಂದಿದೀನಿ, ಹಾಕಿಕೊಡು, ಅಪ್ಪನಿಗೆ ಹೇಳಬೇಡ, ಮತ್ತೆ ಜಗಳ ಆಗುತ್ತೆ ಅಂದ್ರು. ಹಲ್ಲಿನ ಜಗಳ ಆದ್ಮೇಲೆ ಅಪ್ಪ ಆ ಕಾರು ಮುಟ್ಟಲ್ಲ ಅಂತ ಶಪಥ ಮಾಡಿದ್ರಲ್ಲ. ಹಲ್ಲು ಕಿತ್ತಿದ್ದು ಡಾಕ್ಟರು, ಪಾಪ, ಕಾರು ಏನು ಮಾಡಿತ್ತು ಅಂತ ಹಾಕಿಕೊಟ್ಟೆ.”

“ತೂತು ನೋಡಲಿಲ್ವಾ?”

“ಅಡಿಗಡೆ ಇತ್ತಲ್ಲ ಮೇಡಂ. ಗುಂಡೀಲಿ ಕತ್ತಲೆ. ಹೊಸ ಪೈಪು ಅಂದ್ಮೇಲೆ ಯಾರು ತಿರುಗಿಸಿ ನೋಡ್ತಾರೆ.” ಕಣ್ಣು ತುಂಬಿಬಂತು. “ಸೋಮವಾರ ಕಾರು ಕುದೀತು ಅಂದಾಗಿಂದ ನಿದ್ದೆ ಇಲ್ಲ. ನಾನು ಕ್ಲಿಪ್ಪು ಸಡಿಲ ಬಿಟ್ಟೆನೇನೋ, ನನ್ನಿಂದ ಅವರಿಗೆ ಏನಾಯ್ತೋ ಅಂತ. ಇವತ್ತು ಬೇರೆ ಎಲ್ಲಾದ್ರೂ ಸೋರ್ತಿರಲಿ ಅಂತ ನೂರು ಸಲ ಅಂದ್ಕೊಂಡೆ.”

“ಕ್ಲಿಪ್ಪು ಸರಿಯಾಗೇ ಇತ್ತು ಕಣಮ್ಮಾ,” ಅಂದರು ಸರ್ವೇಯರಮ್ಮ. “ಅದರಲ್ಲಿ ಒಂದು ಹನಿ ಸೋರಿಲ್ಲ. ನಾನೇ ಮುಟ್ಟಿ ನೋಡಿದೀನಿ.”

ನಾಲ್ಕು ದಿನದಿಂದ ಯಾರಾದರೂ ತನಗೆ ಹೇಳಲೆಂದು ಕಾದಿದ್ದ ಮಾತು ಅದೊಂದೇ ಎಂಬಂತೆ ಮಗಳು ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ಮೇಸ್ತ್ರಿ ತಮ್ಮ ಲೋಟವನ್ನು ಅವಳ ಕೈಗೆ ಕೊಟ್ಟರು.

ಸರ್ವೇಯರಮ್ಮನ ಮನಸ್ಸಿನಲ್ಲಿ ಲೆಕ್ಕ ಕೂಡುತ್ತಿತ್ತು. ಡಾಕ್ಟರು ತಮ್ಮ ಯಂತ್ರದಲ್ಲೇ ಪೈಪು ಕೊರೆದರು. ಜಗಳವಾಡಿದ್ದ ಮೇಸ್ತ್ರಿಯ ಗ್ಯಾರೇಜಿನಲ್ಲೇ ಅದನ್ನು ಹಾಕಿಸಿದರು. ನಿರ್ಜನ ತಿರುವಿನಲ್ಲಿ ಕಾರು ಕೆಡಲೆಂದೇ ಓಡಿಸಿದರು. ಹುಡುಕುವವರು ಮೇಸ್ತ್ರಿಯ ಬೆನ್ನು ಹತ್ತಲಿ ಎಂದು ಬಿಟ್ಟು ಎಲ್ಲಿಗೋ ಜಾರಿಕೊಂಡರು. ಯಾಕೆ ಎಂಬುದು ಆಮೇಲೆ. ಮೊದಲು ಮೇಸ್ತ್ರಿ ಉಳಿದರು.

“ಇಬ್ಬರೂ ಹೆದರಬೇಡಿ,” ಅಂದರು. “ಇನ್ಸ್‌ಪೆಕ್ಟರಿಗೆ ನಾನು ಹೇಳ್ತೀನಿ.”

ಅಂದು ಆ ಗ್ಯಾರೇಜಿನಲ್ಲಿ ನೆಮ್ಮದಿ ಇದ್ದದ್ದು ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು.

ಜೀಪು ನಾಲ್ಕಕ್ಕಲ್ಲ, ಮೂರೂ ಇಪ್ಪತ್ತಕ್ಕೇ ಬಂತು. ಕಾರು ಎಳೆದೊಯ್ಯುವ ಗಾಡಿ ಜೊತೆಗಿರಲಿಲ್ಲ. ಇನ್ಸ್‌ಪೆಕ್ಟರ್ ಒಳಗೆ ಬಂದು ಟೋಪಿ ತೆಗೆದರು. ಪೇದೆಯನ್ನು ಹೊರಗೇ ನಿಲ್ಲಿಸಿದರು.

ಸರ್ವೇಯರಮ್ಮ ಪೈಪು ತೋರಿಸಿದರು. ಏಳು ಚುಕ್ಕೆ, ಹಲ್ಲಿನ ಯಂತ್ರ, ಭಾನುವಾರ ಡಾಕ್ಟರೇ ಬಂದದ್ದು, ಎಲ್ಲವನ್ನೂ ಹೇಳಿದರು. ಇನ್ಸ್‌ಪೆಕ್ಟರ್ ಅಡ್ಡ ಬಾಯಿ ಹಾಕದೆ ಕೇಳಿದರು.

“ಎಲ್ಲ ಸರಿಯಾಗಿದೆ ಮೇಡಂ,” ಅಂದರು. “ಒಂದು ಬಿಟ್ಟು. ಡಾಕ್ಟರು ಮಧ್ಯಾಹ್ನ ಸಿಕ್ಕಿದ್ರು. ಗುಡ್ಡದಲ್ಲಿ ಅಲ್ಲ, ಅವರ ಕ್ಲಿನಿಕ್ಕಿನ ಹಿಂದೆ, ಬಳಸದೆ ಬಿಟ್ಟಿರೋ ನೀರಿನ ತೊಟ್ಟೀಲಿ. ತಲೆಗೆ ಹೊಡೆತ ಬಿದ್ದಿದೆ. ಕೈಯಲ್ಲಿ ತಾರೀಖು ತೋರಿಸೋ ಗಡಿಯಾರ ಇತ್ತು, ನೀರು ಹೊಕ್ಕು ನಿಂತಿದೆ. ಶನಿವಾರ ರಾತ್ರಿ ಹತ್ತೂವರೆ. ಪೋಸ್ಟ್‌ಮಾರ್ಟಂ ಡಾಕ್ಟರೂ ಮೇಲ್ನೋಟಕ್ಕೆ ಶನಿವಾರವೇ ಅಂತಿದಾರೆ.”

ಮೇಸ್ತ್ರಿ ಸರಿದು ಮಗಳ ಪಕ್ಕ ಕೂತರು.

ಇನ್ಸ್‌ಪೆಕ್ಟರ್ ಮಗಳ ಕಡೆ ತಿರುಗಿದರು. “ಭಾನುವಾರ ಯಾರು ಬಂದಿದ್ರಮ್ಮ?”

“ಡಾಕ್ಟರು,” ಅಂದಳು ಅವಳು. ಆಮೇಲೆ, ಇನ್ನೂ ಸಣ್ಣಗೆ, “ಡಾಕ್ಟರೇ.”

“ಮುಖ ನೋಡಿದ್ಯಾ?”

ಅವಳು ಗುಂಡಿಯ ಕಡೆ ನೋಡಿದಳು.

“ನಾನು ಗುಂಡೀಲಿದ್ದೆ ಸರ್. ಚೆಲ್ಲಿದ ಎಣ್ಣೆ ಒರೆಸ್ತಿದ್ದೆ. ಕಾರಿನ ಸದ್ದು ಕೇಳಿಸ್ತು, ಆ ಸದ್ದು ನಂಗೆ ಗೊತ್ತು. ಬನ್ನಿ ಬನ್ನಿ ಸಾಕು ಅಂದೆ, ಮೇಲೆ ಬಂದು ನಿಂತಿತು. ನಾನು ಹತ್ತಿ ಬರೋಕೆ ಹೋದೆ, ಬೇಡ ಅಲ್ಲೇ ಇರು, ಅವಸರ ಇದೆ ಅಂದ್ರು. ಪೈಪನ್ನ ಬಗ್ಗಿ ಕೆಳಗೇ ಕೊಟ್ರು. ಕೈಗೆ ಆ ತೆಳು ಗ್ಲೌಸ್ ಇತ್ತು, ಡಾಕ್ಟರಲ್ವಾ ಅಂದ್ಕೊಂಡೆ.”

“ದನಿ?”

“ಗಾಳಿ ತುಂಬೋ ಕಂಪ್ರೆಸರ್ ಓಡ್ತಿತ್ತು, ಸದ್ದೋ ಸದ್ದು. ಬಾಯಿಗೆ ಮಾಸ್ಕ್ ಕಟ್ಟಿದ ಹಾಗಿತ್ತು ದನಿ. ಅವರು ಯಾವಾಗ್ಲೂ ಹಾಗೇ ಬರ್ತಿದ್ರು.”

“ಮತ್ತೆ ಡಾಕ್ಟರೇ ಅಂತ ಹೇಗೆ ಹೇಳ್ತೀಯಾ?”

“ಬೂಟು ಸರ್.” ಅವಳಿಗೇ ತನ್ನ ಮಾತು ಕೇಳಿ ಭಯವಾದಂತಿತ್ತು. “ಗುಂಡೀಲಿರೋರಿಗೆ ಗಿರಾಕಿ ಅಂದ್ರೆ ಕಾಲೇ. ಬ್ಯಾಂಕಿನವರದ್ದು ಚೂಪು ಮೂತಿ ಬೂಟು, ಪೋಸ್ಟ್‌ಮ್ಯಾನ್‌ದು ಒಂದು ಕಡೆ ಹಿಮ್ಮಡಿ ಸವೆದಿರೋದು. ಮುಖ ನೋಡೋದೇ ಇಲ್ಲ. ಡಾಕ್ಟರದ್ದು ಬಿಳೀ ಕ್ಯಾನ್ವಾಸು, ಎಡಗಾಲಿನ ತುದೀಲಿ ಔಷಧಿ ಚೆಲ್ಲಿದ ಕಂದು ಕಲೆ. ಅದೇ ಬೂಟು. ಕಣ್ಣಾರೆ ನೋಡಿದೀನಿ.”

ಇನ್ಸ್‌ಪೆಕ್ಟರ್ ಟೋಪಿಯ ಅಂಚನ್ನು ಬೆರಳಿನಿಂದ ಸವರಿದರು.

“ಹೆಣದ ಕಾಲಲ್ಲಿ ಬೂಟು ಇರಲಿಲ್ಲ,” ಅಂದರು.

ಹೊರಗೆ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು. ಜೀಪು ಕಂಡು ಜನ ಸೇರತೊಡಗಿದ್ದರು.

ಸರ್ವೇಯರಮ್ಮನ ಲೆಕ್ಕವೆಲ್ಲ ಅಳಿಸಿಹೋಯಿತು. ಭಾನುವಾರ ಬಂದವನ ಕೈಗೆ ಡಾಕ್ಟರ ಕೊರೆಯುವ ಯಂತ್ರ ಸಿಗುತ್ತಿತ್ತು, ಅವನಿಗೆ ಈ ಗ್ಯಾರೇಜೂ ಚೆನ್ನಾಗಿ ಗೊತ್ತು. ಮೇಸ್ತ್ರಿ ಮನೆಯಲ್ಲಿಲ್ಲದ ದಿನ ಗೊತ್ತು. ಗುಂಡಿಯಲ್ಲಿರುವವರು ಕಾಲು ನೋಡಿ ಗುರುತು ಹಿಡಿಯುತ್ತಾರೆಂಬುದೂ ಗೊತ್ತು. ಸತ್ತವರ ಬೂಟು ಹಾಕಿಕೊಂಡು ಬಂದು, ಅವರು ಭಾನುವಾರ ಬದುಕಿದ್ದರೆಂದು ಹೇಳಲು ಒಬ್ಬ ಸಾಕ್ಷಿಯನ್ನು ಮಾಡಿ ಹೋದ.

“ಅವಳು ಮುಖ ನೋಡಿಲ್ಲ ಅಂತ ನಮಗೆ ಗೊತ್ತು,” ಅಂದರು ನಿಧಾನವಾಗಿ. “ಅವನಿಗೆ ಗೊತ್ತಾ?”

ಮಗಳು ಇಲ್ಲವೆಂದು ತಲೆಯಾಡಿಸಿದಳು. “ಅವರು ಹೋಗೋವಾಗ ನಾನು ಮೆಟ್ಟಿಲು ಹತ್ತಿ ಕೈ ಎತ್ತಿದ್ದೆ ಮೇಡಂ. ಬೆಳಕಿಗೆ ನಂಗೆ ಕಣ್ಣು ಬಿಡೋಕಾಗ್ಲಿಲ್ಲ. ಅವರು ನನ್ನ ಕಡೆ ತಿರುಗಿ ನೋಡಿದ ಹಾಗಾಯ್ತು.”

ಮೊದಲು ಎದ್ದವರು ಮೇಸ್ತ್ರಿ. ಕೈತೊಳೆಯುವ ಬಕೆಟ್ಟಿನ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡರು. ಬಟ್ಟೆಯಲ್ಲಿ ಒರೆಸಿಕೊಂಡು ಇನ್ಸ್‌ಪೆಕ್ಟರ್ ಮುಂದೆ ಎರಡೂ ಕೈ ಚಾಚಿದರು.

“ಕರ್ಕೊಂಡು ಹೋಗಿ ಸಾಹೇಬ್ರೆ.”

“ಏನಪ್ಪ ಇದು,” ಅಂದಳು ಮಗಳು.

“ಬೆಳಗಿಂದ ಇದಕ್ಕೇ ಹೆದರಿ ಸಾಯ್ತಿದ್ದೆ. ಈಗ ಇದೇ ಬೇಕು ನನಗೆ.” ಅವರು ಮಗಳ ಕಡೆ ನೋಡದೆ ಇನ್ಸ್‌ಪೆಕ್ಟರಿಗೇ ಹೇಳಿದರು. “ಬೇಡಿ ಹಾಕಿ. ಮುಂದಿನ ಬಾಗಿಲಿಂದಲೇ, ಅಷ್ಟೂ ಜನರ ಎದುರಿಗೆ. ಮೇಸ್ತ್ರಿ ಒಪ್ಕೊಂಡ ಅಂತ ಊರೆಲ್ಲ ಹೇಳಲಿ. ಹೆಣ ಸಿಕ್ಕಿದ್ದು ಇನ್ನೂ ಯಾರಿಗೂ ಗೊತ್ತಿಲ್ಲ ಅಲ್ವಾ? ನಾನು ಒಳಗಿದ್ರೆ ಆ ನನ್ಮಗ ನೆಮ್ಮದಿಯಾಗಿರ್ತಾನೆ. ನೆಮ್ಮದಿಯಾಗಿದ್ರೆ ನನ್ನ ಮಗಳ ತಂಟೆಗೆ ಬರಲ್ಲ.”

“ನಿಮ್ಮ ಮಗಳ ಮಾತು ನಂಬ್ತೀನಿ ಅಂತ ನಾನಿನ್ನೂ ಹೇಳಿಲ್ಲ,” ಅಂದರು ಇನ್ಸ್‌ಪೆಕ್ಟರ್.

“ನಂಬಬೇಡಿ. ನನ್ನನ್ನ ಕರ್ಕೊಂಡು ಹೋಗೋಕೆ ಅದೇನೂ ಅಡ್ಡಿ ಇಲ್ವಲ್ಲ.”

ಇನ್ಸ್‌ಪೆಕ್ಟರ್ ಸರ್ವೇಯರಮ್ಮನನ್ನು ನೋಡಿದರು. ಸರ್ವೇಯರಮ್ಮ ಪೈಪನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟರು. “ಎಷ್ಟು ದಿನ ಮುಚ್ಚಿಡಬಹುದು?”

“ಎರಡು ದಿನ. ಹೆಚ್ಚಂದ್ರೆ.”

“ಹುಡುಗಿ ನನ್ನ ಜೊತೆ ಇರ್ತಾಳೆ.”

ಇನ್ಸ್‌ಪೆಕ್ಟರ್ ಬೇಡಿ ತೆಗೆದರು. ಹಾಕುವ ಮೊದಲು ಮೇಸ್ತ್ರಿಯ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು, ಕಬ್ಬಿಣ ಚರ್ಮಕ್ಕೆ ತಾಗದಂತೆ ಬಟ್ಟೆಯ ಮೇಲೆ ಕೂಡಿಸಿದರು. ತಂದೆ ಮಗಳು ಮಾತಾಡಿಕೊಳ್ಳಲಿ ಎಂದು ಒಂದು ನಿಮಿಷ ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಸ್ಪ್ಯಾನರುಗಳನ್ನು ಬಹಳ ಆಸಕ್ತಿಯಿಂದ ನೋಡಿದರು.

ಮಾತು ಹೆಚ್ಚಿರಲಿಲ್ಲ. “ಊಟ ಬಿಡಬೇಡ,” ಅಂದರು ಮೇಸ್ತ್ರಿ.

ರಸ್ತೆಯಲ್ಲಿ ಆಗಲೇ ನಲವತ್ತು ಐವತ್ತು ಜನ ಇದ್ದರು. ಹಲ್ಲಿನ ವಿಷಯ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳುತ್ತಿದ್ದರು. ಬೇಡಿ ಕಂಡೊಡನೆ ಗುಜುಗುಜು ನಿಂತಿತು. ಮೇಸ್ತ್ರಿ ತಲೆಯೆತ್ತಿಯೇ ನಡೆದರು. ಪೇದೆ ಜೀಪಿನ ಹಿಂಬಾಗಿಲು ತೆಗೆದ.

ಸರ್ವೇಯರಮ್ಮ ಗ್ಯಾರೇಜಿನ ಹೊಸ್ತಿಲಲ್ಲಿ ಮಗಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ಅಳುತ್ತಾಳೆ, ಹಿಡಿದುಕೊಳ್ಳಬೇಕಾದೀತು ಎಂದುಕೊಂಡಿದ್ದರು. ಆದರೆ ಮಗಳು ಜೀಪಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ತಲೆ ತಗ್ಗಿತ್ತು. ಸುತ್ತ ನಿಂತವರ ಕಾಲುಗಳನ್ನು, ಈ ತುದಿಯಿಂದ ಆ ತುದಿಗೆ, ಒಂದೊಂದು ಜೊತೆಯನ್ನೂ ಬಿಡದೆ ನೋಡಿಕೊಂಡು ಹೋಗುತ್ತಿದ್ದಳು.

ಜೀಪು ಹೊರಟಿತು. ಜನ ದಾರಿ ಬಿಡಲು ಹಿಂದೆ ಸರಿದರು.

ಮಗಳ ಕಣ್ಣು ಒಂದು ಜೊತೆ ಬಿಳೀ ಕ್ಯಾನ್ವಾಸ್ ಬೂಟಿನ ಮೇಲೆ, ಎಡಗಾಲಿನ ತುದಿಯ ಕಂದು ಕಲೆಯ ಮೇಲೆ ನಿಂತಿತು. ತಲೆಯೆತ್ತಿ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ತಣ್ಣಗಾದ ಅವಳ ಬೆರಳುಗಳು ಸರ್ವೇಯರಮ್ಮನ ಕೈಯನ್ನು ಹುಡುಕಿ ಬಿಗಿಯಾಗಿ ಹಿಡಿದವು.

“ಮೇಡಂ,” ಅಂದಳು ತುಟಿ ಅಲುಗಿಸದೆ, “ನೀವು ನೋಡಿ. ನಮ್ಮ ಕಡೆಗೇ ಬರ್ತಿದಾರೆ.”